ಹದಿನಾಲ್ಕನೇ ಕಾಲಂ

ಕಾಲಂ ಹದಿನಾಲ್ಕನ್ನು ಖಾಲಿ ಬಿಟ್ಟರೆ ಅದೂ ಉತ್ತರ ಕೊಡದೆ ನಿಂತಂತೆಯೇ ಆಗುತ್ತದೆಯೇ? ಅಚ್ಚಾದ ಕಾಗದ ಕೇಳಿದರೂ ಕೇಳಿದ ಲೆಕ್ಕವೇ? ಹಾಗಿದ್ದರೆ ಇಷ್ಟು ಹೊತ್ತಿಗೆ ಈ ಮೇಜು, ನನ್ನ ಮೊಣಕೈ ಊರಿದ ಈ ಜಾಗ ಮೂಕವಾಗಿಬಿಡಬೇಕಿತ್ತು. ಪೆನ್ನಿನ ಹಿಂಬದಿಯಿಂದ ಮೇಜನ್ನು ಕುಟ್ಟಿ ನೋಡಿದೆ. ಟಕ್ ಎಂದಿತು. ಸಮಾಧಾನವಾಗಲಿಲ್ಲ, ಇನ್ನೂ ಎರಡು ಸಲ ಕುಟ್ಟಿದೆ. ಒಳಗಿನಿಂದ ಅಮ್ಮ, “ಬಾಗಿಲಲ್ಲಿ ಯಾರೋ ಬಂದ ಹಾಗಿದೆ ಸೋಮು” ಎಂದಳು. “ಯಾರಿಲ್ಲಮ್ಮ, ನಾನೇ” ಎಂದೆ.

ಅರ್ಜಿ ನಮ್ಮೂರ ಕಾನೂನು ಕಾಲೇಜಿನ ಸ್ನಾತಕೋತ್ತರ ಸಂಶೋಧನಾ ಪದವಿಯದು. ನಾಲ್ಕು ಪುಟ. ಕಾನೂನು ಪದವಿಯಲ್ಲಿ ಶೇಕಡಾ ಐವತ್ತೈದು ಅಂಕ ಇರಬೇಕು, ನನಗೆ ಅರವತ್ತೊಂದು ಇತ್ತು. ಪಾಠ ಹೇಳಿದ ಇಬ್ಬರು ಅಧ್ಯಾಪಕರ ಶಿಫಾರಸು ಪತ್ರಗಳೂ ಸಿಕ್ಕಿದ್ದವು. ಸಾವಿರದೈನೂರು ಪದಗಳ ಸಂಶೋಧನಾ ಪ್ರಸ್ತಾವವನ್ನು ಆರು ಸಲ ತಿದ್ದಿ ಬರೆದಿದ್ದೆ. ಮಾರ್ಗದರ್ಶಕರ ಒಪ್ಪಿಗೆಯ ಸಹಿ ಬುಧವಾರ ಸಿಗಬೇಕಿತ್ತು. ಆಯ್ಕೆಯಾದರೆ ಎರಡು ವರ್ಷ ಕಾಲೇಜಿನ ಹಾಸ್ಟೆಲಿನಲ್ಲೇ ವಾಸ, ಮೊದಲ ವರ್ಷ ಎರಡು ಪತ್ರಿಕೆಗಳ ಪರೀಕ್ಷೆ, ಆಮೇಲೆ ನಲವತ್ತು ಸಾವಿರ ಪದಗಳ ಪ್ರಬಂಧ, ಹೊರಗಿನ ಇಬ್ಬರು ಪರೀಕ್ಷಕರು, ಕೊನೆಗೆ ಮೌಖಿಕ ಪರೀಕ್ಷೆ. ಇವೆಲ್ಲ ಕಷ್ಟದ ಕೆಲಸಗಳೇ, ಆದರೆ ಊಟ ಸೇರದ ಹಾಗೆ ಮಾಡುವಂಥವಲ್ಲ. ಕಾಲಂ ಹದಿನಾಲ್ಕು ಹೀಗಿತ್ತು: ‘ಅಭ್ಯರ್ಥಿ ವಾಸವಿರುವ ಮನೆಯಲ್ಲಿ ಉತ್ತರ ಬಾಕಿ ಇರುವ ಮೌನವಿದೆಯೇ? ಇದ್ದರೆ ಯಾರದು?’ ಇದೆ ಎಂದು ಬರೆದವರ ಅರ್ಜಿಯನ್ನು ಅಲ್ಲಿಗೇ ಮಡಚಿಡುತ್ತಾರೆ. ಇಲ್ಲ ಎಂದು ಬರೆದವರು, ಮೌನಗಳನ್ನು ಅಳೆದು ಬರೆದಿಡುವ ಮೋಜಣಿ ಕಚೇರಿಯಿಂದ ಬಾಕಿ ಇಲ್ಲವೆಂಬ ಬೇಬಾಕಿ ಪತ್ರ ತಂದು ಲಗತ್ತಿಸಬೇಕು. ಕೊನೆಯ ದಿನ ಶನಿವಾರ, ಸಂಜೆ ಐದು ಗಂಟೆ. ಆವತ್ತು ಸೋಮವಾರ.

ನಮ್ಮೂರಿನಲ್ಲಿ ಒಬ್ಬರು ಕೇಳಿ, ಇನ್ನೊಬ್ಬರು ಗೊತ್ತಿದ್ದೂ ಹೇಳದೆ ನಿಂತರೆ, ನಿಂತ ಜಾಗ ಮೂಕವಾಗುತ್ತದೆ. ಅಲ್ಲಿ ಮಾತಾಡಿದರೂ ಕೇಳುವುದಿಲ್ಲ, ತಟ್ಟೆ ಬಿದ್ದರೂ ಕೇಳುವುದಿಲ್ಲ. ಕೆಲವು ಒಂದಡಿ ಅಗಲ ಇರುತ್ತವೆ, ಕೆಲವು ಮೂರಡಿ. ಉತ್ತರ ಕೊಡಬೇಕಾದವರು ಅಲ್ಲೇ ನಿಂತು ಕೊಟ್ಟರೆ ಜಾಗ ಬಿಡುತ್ತದೆ, ಸದ್ದು ಮರಳುತ್ತದೆ. ಅವರು ಸತ್ತರೆ ಹದಿಮೂರು ದಿನದೊಳಗೆ ತಾನಾಗಿ ಬಿಡುತ್ತದೆ. ಪೇಟೆ ಬೀದಿಯ ತಿರುವಿನಲ್ಲಿ ಹಳೆಯದೊಂದಿದೆ, ಬಸ್ಸಿನ ಕಂಡಕ್ಟರು ಅದು ಬರುವ ಮುಂಚೆಯೇ ಸ್ಟಾಪಿನ ಹೆಸರು ಕೂಗಿ ಮುಗಿಸುತ್ತಾನೆ. ಸಮುದಾಯ ಭವನದ ಹಿಂಬದಿಯಲ್ಲಿ ಇನ್ನೊಂದಿದೆ, ಅದರ ಮೇಲೆ ಜನರೇಟರ್ ಕೂರಿಸಿದ್ದಾರೆ. ಕ್ಷೌರದಂಗಡಿಯ ಎರಡು ಕುರ್ಚಿಗಳಲ್ಲಿ ಒಂದು ಮೌನದೊಳಗಿದೆ, ರಾಜಕೀಯ ಬೇಡವೆನ್ನುವ ಗಿರಾಕಿಗಳು ಕಾದಿದ್ದು ಅದರಲ್ಲೇ ಕೂರುತ್ತಾರೆ. ಇಷ್ಟೆಲ್ಲ ಇರುವುದರಿಂದ ನಮ್ಮಲ್ಲಿ ಯಾರೂ ಯಾರನ್ನೂ ನೇರವಾಗಿ ಕೇಳುವುದಿಲ್ಲ. ‘ಊಟ ಆಗಿರಬೇಕು’, ‘ಊರಿಂದ ಬಂದ ಹಾಗಿದೆ’ ಎಂದು ಅಂದಾಜು ಹೇಳುತ್ತೇವೆ. ಇಷ್ಟವಿದ್ದವರು ಹೌದೆನ್ನಬಹುದು, ಇಲ್ಲದವರು ನಕ್ಕು ಮುಂದೆ ಹೋಗಬಹುದು. ಕೇಳುವ ಅಧಿಕಾರ ಇರುವುದು ಕೋರ್ಟಿಗೆ, ಡಾಕ್ಟರಿಗೆ, ಕಾಲೇಜಿನ ಪರೀಕ್ಷಕರಿಗೆ ಮತ್ತು ಮೋಜಣಿದಾರರಿಗೆ. ಮನಸ್ಸಿನಲ್ಲೇ ಕೇಳಿಕೊಂಡ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಇದ್ದಿದ್ದರೆ ನಾನು ನಡೆದ ದಾರಿಯೆಲ್ಲ ಇಷ್ಟರಲ್ಲಿ ಮೂಕವಾಗಿರುತ್ತಿತ್ತು.

ನಮ್ಮ ಮನೆಯದು ನಡುಮನೆಯ ಕಿಟಕಿ ಪಕ್ಕ, ಎರಡೂವರೆ ಅಡಿ. ಅದರ ಮೇಲೆ ಅಮ್ಮನ ಗ್ರೈಂಡರ್ ಇದೆ. ಅಮ್ಮ ಬೀದಿಗೆಲ್ಲ ದೋಸೆ ಹಿಟ್ಟು ರುಬ್ಬಿ ಕೊಡುತ್ತಾಳೆ. ಬೆಳಿಗ್ಗೆ ಐದಕ್ಕೇ ಕಲ್ಲು ತಿರುಗಿದರೂ ಪಕ್ಕದ ಮನೆಯವರಿಗೆ ಸುಳಿವಿರುವುದಿಲ್ಲ. “ನಿಮಗೇನಮ್ಮ, ಮನೆಯೊಳಗೇ ಒಂದು ಮೌನ ಸಿಕ್ಕಿದೆ. ನಮ್ಮ ಯಜಮಾನರು ಒಂದು ಮಾತಿಗೂ ಸುಮ್ಮನಿದ್ದೋರಲ್ಲ” ಎಂದು ಪಕ್ಕದ ಗೌರಮ್ಮ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಮೋಜಣಿ ಪುಸ್ತಕದಲ್ಲಿ ಆ ಜಾಗ ಅಪ್ಪನ ಹೆಸರಿನಲ್ಲಿತ್ತು.

ಒಂಬತ್ತು ವರ್ಷದ ಹಿಂದೆ ನನ್ನಕ್ಕ ಹೇಮಾವತಿ ಇದೇ ಪದವಿಗೆ ಅರ್ಜಿ ಹಾಕಿದ್ದಳು. ಕಾನೂನು ಪದವಿ ಮುಗಿಸಿ ಒಂದು ವರ್ಷವಾಗಿತ್ತು. ಅಪ್ಪ ಕೋರ್ಟಿನಲ್ಲಿ ಅಮೀನರು, ಮನೆಮನೆಗೆ ಸಮನ್ಸು ತಲುಪಿಸಿ ಬರುವ ಕೆಲಸ. ಅವಳು ಇನ್ನೂ ಓದುತ್ತೇನೆಂದದ್ದಕ್ಕೆ ಬೇಡ ಎಂದಿದ್ದರು, ಅವಳು ಕೇಳದೆ ಅರ್ಜಿ ಹಾಕಿದ್ದಕ್ಕೆ ಮಾತು ಬಿಟ್ಟಿದ್ದರು. ಅಮ್ಮ ತವರಿಗೆ ಹೋಗಿದ್ದ ವಾರ ಅದು. ಅಕ್ಕ ಹೊರಗಿನಿಂದ ಬಂದವಳೇ ಚಪ್ಪಲಿಯನ್ನೂ ಬಿಡದೆ, ಊರಿನ ಮರ್ಯಾದೆಯನ್ನೂ ಮರೆತು ಕೇಳಿಬಿಟ್ಟಳು: “ಕಾಲೇಜಿಂದ ನನಗೆ ಕಾಗದ ಬಂತಾ?” ಕಿಟಕಿ ಪಕ್ಕ ಅಪ್ಪ ಪೇಪರ್ ಓದುತ್ತ ಕೂತಿದ್ದರು. ಅವರ ಕುರ್ಚಿಗೆ ಆತು ನಾನು ನಿಂತಿದ್ದೆ. ಅಪ್ಪ ತಲೆ ಎತ್ತಲಿಲ್ಲ. ನಾನು ಬಾಯಿ ತೆರೆಯಲಿಲ್ಲ. ಅಪ್ಪ ಪುಟ ತಿರುವಿದರು, ಪೇಪರಿನ ಸದ್ದು ಬರಲಿಲ್ಲ.

ಮಾತು ಬಿಟ್ಟವರು ಅಪ್ಪನೇ ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಮೋಜಣಿದಾರರು ಬಂದು ಅಳೆದು ಅವರ ಹೆಸರಿಗೆ ಬರೆದುಕೊಂಡರು, ಅಪ್ಪ ಸಹಿ ಹಾಕಿದರು. ಕಾಗದ ಬಂದಿತ್ತು. ಐದು ದಿನ ಮುಂಚೆ ಅಂಚೆಯವರಿಂದ ಸಹಿ ಮಾಡಿ ತೆಗೆದುಕೊಂಡವನು ನಾನು. ಆಗ ನನಗೆ ಹತ್ತೊಂಬತ್ತು. ಅಪ್ಪ ಅಮ್ಮ ಇಬ್ಬರೂ ಹೆಚ್ಚು ಮಾತಿನವರಲ್ಲ, ಆ ಮನೆಯಲ್ಲಿ ನನ್ನ ಜೊತೆ ಮಾತಾಡುತ್ತಿದ್ದವಳು ಅಕ್ಕ ಒಬ್ಬಳೇ. ಎರಡು ವರ್ಷ ಹಾಸ್ಟೆಲಿನಲ್ಲಿರಬೇಕು ಎಂಬ ನಿಯಮವನ್ನು ಅವಳೇ ಓದಿ ಹೇಳಿದ್ದಳು. ಸಂಜೆ ಕೊಟ್ಟರಾಯಿತು ಎಂದು ಲಕೋಟೆಯನ್ನು ಪುಸ್ತಕದೊಳಗಿಟ್ಟೆ. ನಾಳೆ ಕೊಟ್ಟರಾಯಿತು ಎಂದುಕೊಂಡೆ. ಒಡೆದು ನೋಡುವ ಧೈರ್ಯವೂ ಇರಲಿಲ್ಲವಾದ್ದರಿಂದ ಸಂದರ್ಶನದ ದಿನ ಯಾವುದೆಂದು ಗೊತ್ತಿರಲಿಲ್ಲ. ಅವಳು ಕೇಳಿದ ಮಾರನೆಯ ದಿನ ಒಡೆದೆ. ಸಂದರ್ಶನ ಮುಗಿದುಹೋಗಿತ್ತು. ಕಾಗದವನ್ನು ಹಂಡೆ ಒಲೆಗೆ ಹಾಕಿದೆ.

ಆ ಮೌನ ಇರುವ ತನಕ ನಮ್ಮ ಮನೆಯವರು ಯಾರೂ ಅರ್ಜಿ ಹಾಕುವಂತಿರಲಿಲ್ಲ. ಅಕ್ಕ ಮುಂದಿನ ವರ್ಷ ಕಾದಳು, ಅದರ ಮುಂದಿನ ವರ್ಷವೂ ಕಾದಳು. ಆಮೇಲೆ ನೋಟರಿಯಾಗಿ ಕೋರ್ಟಿನ ಪಕ್ಕ ಹೊಂಗೆ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡಳು. ಅಪ್ಪ ತಿಂಗಳಿಗೊಮ್ಮೆಯಾದರೂ ಗ್ರೈಂಡರಿನ ಪಕ್ಕ ನಿಂತು ತುಟಿ ಆಡಿಸುತ್ತಿದ್ದರು. “ನೋಡು, ನಮ್ಮನ್ನ ಬೈಯೋಕೆ ಅಲ್ಲಿಗೆ ಹೋಗ್ತಾರೆ” ಎಂದು ಅಮ್ಮ ಹೇಳುತ್ತಿದ್ದಳು. ನಾನು ಅವರ ತುಟಿಗಳನ್ನೇ ನೋಡುತ್ತಿದ್ದೆ. ‘ನನಗೆ ಗೊತ್ತಿಲ್ಲ ಮಗಳೇ, ನಾನು ನೋಡಿಲ್ಲ’ ಎನ್ನುತ್ತಿದ್ದರು. ಹೇಳಿ ಮುಗಿಸಿ ಎರಡು ಕೈ ತಟ್ಟಿ ನೋಡುತ್ತಿದ್ದರು. ಸದ್ದು ಬರುತ್ತಿರಲಿಲ್ಲ. ಆಮೇಲೆ ನನ್ನ ಕಡೆ ನೋಡುತ್ತಿದ್ದರು. ಅದು ತಮ್ಮದಲ್ಲ ಎಂದು ಅವರು ಯಾರಿಗೂ ಹೇಳಲಿಲ್ಲ. ಹೇಳಿದರೆ ಉಳಿಯುವವನು ಒಬ್ಬನೇ ಎಂದು ಅವರಿಗೆ ಗೊತ್ತಿತ್ತು. ನನ್ನನ್ನೂ ಕೇಳಲಿಲ್ಲ.

ಎರಡು ತಿಂಗಳ ಹಿಂದೆ ಅಪ್ಪ ತೀರಿಕೊಂಡರು. ಹದಿಮೂರು ದಿನ ಗ್ರೈಂಡರ್ ಹಾಕಲಿಲ್ಲ. ಹದಿನಾಲ್ಕನೇ ದಿನ ಅಮ್ಮ ಅಕ್ಕಿ ಸುರಿದು ಸ್ವಿಚ್ ಒತ್ತಿದಳು. ಕಲ್ಲು ತಿರುಗಿತು, ಸದ್ದಿಲ್ಲ. “ಸತ್ತ ಮೇಲೂ ಹಟ ಬಿಟ್ಟಿಲ್ಲ ನೋಡು ನಿಮ್ಮಪ್ಪ” ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಕ್ಕ ತಿರುಗುವ ಕಲ್ಲನ್ನು ಸ್ವಲ್ಪ ಹೊತ್ತು ನೋಡಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ಕೋರ್ಟಿಗೆ ಹೋದಳು.

ಮಂಗಳವಾರ ಅವಳ ಮರದ ಕೆಳಗೆ ಹೋದೆ. ಅವಳು ನನ್ನ ಪ್ರಸ್ತಾವವನ್ನು ಟೈಪ್ ಮಾಡುತ್ತಿದ್ದಳು. ವಿಷಯ, ಮೃತರ ಮೌನ ಮತ್ತು ಉತ್ತರಾಧಿಕಾರಿಗಳ ಹೊಣೆ.

“ಉತ್ತರಾಧಿಕಾರಿ ಅನ್ನೋ ಪದ ಹದಿನೇಳು ಸಲ ಬಂದಿದೆ ಕಣೋ. ಓದೋರು ಯಾವುದೋ ಜಮೀನಿನ ಜಗಳ ಅಂದ್ಕೋತಾರೆ.”

“ನೀನು ಬರೆದಿದ್ರೆ ಇನ್ನೂ ಚೆನ್ನಾಗಿರ್ತಿತ್ತು” ಎಂದೆ. ಯಾಕೆ ಹಾಗೆಂದೆನೋ.

“ನಾನು ಬರೆದದ್ದು ಟ್ರಂಕಲ್ಲಿದೆ. ಜಿರಳೆಗಳು ಓದಿ ಪಾಸಾಗಿ ಹೋದ್ವು” ಎಂದು ಅವಳು ಹಾಳೆ ತೆಗೆದು ಇನ್ನೊಂದು ಸೇರಿಸಿದಳು. “ಹದಿನಾಲ್ಕನೇ ಕಾಲಂ ಇನ್ನೂ ಬರ್ದಿಲ್ಲ ಅನ್ಸುತ್ತೆ.”

“ಇಲ್ಲ.”

“ನಾಡಿದ್ದು ಹನ್ನೊಂದಕ್ಕೆ ಮೋಜಣಿ ಚಂದ್ರಯ್ಯನೋರು ಬರ್ತಾರೆ. ಜಾಗ ಬಿಟ್ಟಿದ್ರೆ ಬೇಬಾಕಿ ಪತ್ರ ಅಲ್ಲೇ ಬರ್ದು ಕೊಡ್ತಾರೆ.”

“ಬಿಟ್ಟಿಲ್ಲ ಅಂದ್ರೆ...”

“ಬಿಟ್ಟಿಲ್ಲ ಅಂದ್ರೆ ಅದು ಅಪ್ಪಂದಲ್ಲ. ಆವತ್ತು ಮನೇಲಿದ್ದೋರನ್ನ ನಿಲ್ಲಿಸಿ ಕೇಳ್ತಾರೆ.” ಅವಳ ಬೆರಳುಗಳು ಅಕ್ಷರಗಳ ಮೇಲೆ ಓಡುತ್ತಲೇ ಇದ್ದವು. “ಅಮ್ಮ ಆವತ್ತು ಊರಲ್ಲಿರ್ಲಿಲ್ಲ.”

ಅವಳ ಮುಖ ನೋಡಿದೆ. ಅದರಲ್ಲಿ ಏನೂ ಇರಲಿಲ್ಲ. ಟೈಪ್ ಮಾಡುವಾಗ ಅವಳ ಮುಖ ಯಾವಾಗಲೂ ಹಾಗೆಯೇ ಇರುತ್ತದೆ. ಗುರುವಾರ ಹನ್ನೊಂದು ಗಂಟೆಗೆ ಇನ್ನು ಎಷ್ಟು ತಾಸು ಎಂದು ಮನಸ್ಸಿನಲ್ಲೇ ಎಣಿಸಿದೆ. ನಾನು ಮಾಡಬೇಕಾದದ್ದು ಬಹಳ ಸಣ್ಣದು. ಗ್ರೈಂಡರಿನ ಪಕ್ಕ ನಿಂತು ‘ಬಂದಿತ್ತು’ ಎಂದರೆ ಮುಗಿಯಿತು. ಜಾಗ ಬಿಡುತ್ತದೆ, ಪತ್ರ ಸಿಗುತ್ತದೆ, ಅರ್ಜಿ ಹೋಗುತ್ತದೆ. ಮೌನದೊಳಗೆ ನಿಂತು ಹೇಳಿದ್ದು ಯಾರಿಗೂ ಕೇಳಿಸುವುದೂ ಇಲ್ಲ. ಆದರೆ ಹದಿನಾಲ್ಕನೇ ದಿನವೂ ಬಿಡದಿದ್ದ ಜಾಗ ಈಗ ಬಿಟ್ಟರೆ, ಉತ್ತರ ಕೊಟ್ಟವನು ಯಾರೆಂದು ಅಕ್ಕನಿಗೆ ಗೊತ್ತಾಗಿಬಿಡುತ್ತದೆ. ಮಂಗಳವಾರ ಮಧ್ಯಾಹ್ನ ಅಮ್ಮ ಹಿತ್ತಿಲಿನಲ್ಲಿದ್ದಾಗ ಎರಡು ಸಲ ಅಲ್ಲಿಗೆ ಹೋಗಿ ನಿಂತೆ. ಎರಡು ಸಲವೂ ನೀರು ಕುಡಿದು ಬಂದೆ.

ಬುಧವಾರ ಅಕ್ಕನೂ ಕಾಲೇಜಿಗೆ ಬಂದಳು. ಮಾರ್ಗದರ್ಶಕರು ಸಹಿ ಮಾಡುವಾಗ ಪ್ರಮಾಣಪತ್ರಕ್ಕೆ ಅಲ್ಲೇ ನೋಟರಿ ಮೊಹರು ಬೀಳಬೇಕು ಎಂಬ ನಿಯಮವಿದೆ. ಲಲಿತಾಂಬ ಮೇಡಂ ನಿವೃತ್ತಿಗೆ ಹತ್ತಿರದವರು, ವರ್ಷಕ್ಕೆ ಒಬ್ಬರೇ ವಿದ್ಯಾರ್ಥಿಯನ್ನು ತೆಗೆದುಕೊಳ್ಳುತ್ತಿದ್ದರು. ನನ್ನ ಪ್ರಸ್ತಾವದ ಮೇಲೆ ಕಣ್ಣಾಡಿಸಿ ಪಕ್ಕಕ್ಕಿಟ್ಟರು. ಮೊಹರಿನ ಮೇಲಿನ ಹೆಸರು ಓದಿ ಕನ್ನಡಕ ತೆಗೆದರು.

“ಹೇಮಾವತಿ ಅಂದ್ರೆ ಆ ಹೇಮಾವತೀನೇ ಇರಬೇಕು. ಸಾಕ್ಷಿ ಕಟ್ಟೆ ಮೇಲೆ ಹೆಂಗಸರ ಮೌನ ಅಂತ ಬರ್ದಿದ್ರಿ.”

ಅಕ್ಕ ನಿಂತಲ್ಲೇ ನೆಟ್ಟಗಾದಳು. “ಹೌದು ಮೇಡಂ.”

“ನಾನು ಓದಿದ ಪ್ರಸ್ತಾವಗಳಲ್ಲಿ ಅಂಥದ್ದು ಇನ್ನೊಂದಿಲ್ಲ. ಸಂದರ್ಶನಕ್ಕೆ ಬರ್ಲಿಲ್ಲ ನೀವು. ಬೇರೆ ಕಡೆ ಒಳ್ಳೇದು ಸಿಕ್ಕಿರ್ಬೇಕು ಅಂದ್ಕೊಂಡೆ. ಸ್ವಲ್ಪ ಸಿಟ್ಟೂ ಬಂತು, ಸುಳ್ಳು ಹೇಳಲ್ಲ.”

“ನನ್ನನ್ನ ಕರೀಲೇ ಇಲ್ಲ ಮೇಡಂ.”

“ಕರೆದಿದ್ವಿ.”

“ಕಾಗದ ಬರ್ಲಿಲ್ಲ. ಬಂದಿದ್ರೆ ಬರಿಗಾಲಲ್ಲಾದ್ರೂ ಓಡಿ ಬರ್ತಿದ್ದೆ.”

ಮೇಡಂ ಕಚೇರಿಯ ಸೂಪರಿಂಟೆಂಡೆಂಟ್ ಗುರುಸಿದ್ದಪ್ಪನವರನ್ನು ಕರೆಸಿದರು. ಅವರಿಗೆ ವಿಷಯ ಕೇಳಿಯೇ ಅವಮಾನವಾಯಿತು. “ನಮ್ಮ ಕಚೇರಿಯಿಂದ ಹೊರಟ ಕಾಗದ ತಲುಪಿಲ್ಲ ಅನ್ನೋದಾದ್ರೆ ಇವತ್ತೇ ಕೆಲಸ ಬಿಡ್ತೀನಿ ಮೇಡಂ. ನಾನು ರಿಜಿಸ್ಟರ್ ಮಾಡ್ದೆ ಒಂದು ಮದುವೆ ಕರೆಯೋಲೇನೂ ಕಳಿಸಿದೋನಲ್ಲ” ಎನ್ನುತ್ತ ಹೋದವರು ಹತ್ತು ನಿಮಿಷದಲ್ಲಿ ಧೂಳು ಹಿಡಿದ ಕಡತದೊಂದಿಗೆ ಬಂದರು. ಅಂಚೆಯ ಸ್ವೀಕೃತಿ ಚೀಟಿಯನ್ನು ಟ್ಯಾಗಿನಿಂದ ಬಿಚ್ಚಿ ಅಕ್ಕನ ಮುಂದೆ ಹಿಡಿದರು.

ನಾನು ಕಿಟಕಿಯ ಕಡೆ ತಿರುಗಿದೆ. ಆ ವಯಸ್ಸಿನಲ್ಲಿ ಸಹಿಯ ಕೆಳಗೆ ಒಂದು ಗೆರೆ ಎಳೆದು ಎರಡು ಚುಕ್ಕಿ ಇಡುವುದನ್ನು ಹೊಸದಾಗಿ ಕಲಿತಿದ್ದೆ. ಆ ಎರಡು ಚುಕ್ಕಿಗಳನ್ನು ಮೊದಲು ನೋಡಿ ನಕ್ಕವಳು ಅವಳೇ. ಫ್ಯಾನು ತಿರುಗುವ ಸದ್ದು ಕೇಳಿಸುತ್ತಿತ್ತು. ಅದು ಕೇಳಿಸುತ್ತಿದೆಯಲ್ಲ ಎಂದು ಅದನ್ನೇ ಹಿಡಿದುಕೊಂಡು ನಿಂತಿದ್ದೆ. ಚೀಟಿಯಲ್ಲಿ ಓದಲು ಇದ್ದದ್ದು ಮೂರು ಸಾಲು. ಅಕ್ಕ ಬಹಳ ಹೊತ್ತು ಓದಿದಳು.

“ಮನೆಯವರೇ ಯಾರೋ ಸಹಿ ಮಾಡಿರ್ಬೇಕು” ಎಂದರು ಗುರುಸಿದ್ದಪ್ಪನವರು.

“ಹೌದು ಸರ್. ನಮ್ಮ ಮನೇದೇ” ಎಂದಳು ಅಕ್ಕ. ಚೀಟಿಯನ್ನು ಹಿಂದಕ್ಕೆ ಕೊಟ್ಟು, “ನಮ್ಮ ತಂದೆ ತೀರ್ಕೊಂಡು ಎರಡು ತಿಂಗಳಾಯ್ತು” ಎಂದು ಸೇರಿಸಿದಳು.

ಎರಡೂ ನಿಜವೇ. ಮೇಡಂ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನಿಟ್ಟುಸಿರು ಬಿಟ್ಟರು. ನನ್ನ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದರು, ಆಮೇಲೆ ಡ್ರಾಯರಿನಿಂದ ಇನ್ನೊಂದು ಖಾಲಿ ಅರ್ಜಿ ತೆಗೆದು ಅದರ ಒಪ್ಪಿಗೆಯ ಜಾಗದಲ್ಲೂ ಸಹಿ ಮಾಡಿ ಅಕ್ಕನ ಕಡೆ ಸರಿಸಿದರು. “ವಯಸ್ಸಿನ ಮಿತಿ ಇಲ್ಲ. ಶನಿವಾರ ಐದರ ತನಕ ಟೈಮಿದೆ. ಇರೋದು ಒಂದೇ ಸೀಟು, ಅದನ್ನ ಮುಂಚೇನೇ ಹೇಳ್ಬಿಡ್ತೀನಿ. ಒಬ್ಬರ ಮೇಲೆ ಇನ್ನೊಬ್ಬರನ್ನ ಎತ್ತಿಕಟ್ಟೋಕೆ ನನಗಿಷ್ಟ ಇಲ್ಲ. ಆದ್ರೆ ಕೊಡ್ದೇ ಇರೋಕೂ ಮನಸ್ಸಾಗ್ತಿಲ್ಲ.” ಅಕ್ಕ ಅದನ್ನು ನಾಲ್ಕಾಗಿ ಮಡಚಿ, ಮೊಹರು ಮತ್ತು ಇಂಕ್ ಪ್ಯಾಡಿನ ಜೊತೆ ಬ್ಯಾಗಿನೊಳಗಿಟ್ಟಳು.

ನಡೆದೇ ಮನೆಗೆ ಬಂದೆವು. ಈಗ ಕೇಳುತ್ತಾಳೆ, ಆ ಲೈಟು ಕಂಬ ದಾಟಿದ ಮೇಲೆ ಕೇಳುತ್ತಾಳೆ, ಪೇಟೆ ಬೀದಿಯ ತಿರುವಿನ ಮೌನದೊಳಗೆ ನಿಂತು ಯಾರಿಗೂ ಕೇಳಿಸದ ಹಾಗೆ ಕೇಳುತ್ತಾಳೆ ಎಂದು ಕಾದೆ. ತಿರುವಿನಲ್ಲಿ ಅವಳು ಹೆಜ್ಜೆಯನ್ನೂ ನಿಧಾನ ಮಾಡಲಿಲ್ಲ. ತರಕಾರಿ ಗಾಡಿಯ ಮುಂದೆ ನಿಂತು, “ಬದನೆಕಾಯಿ ಎಳೇದಿರೋ ಹಾಗಿದೆ” ಎಂದಳು. ಗಾಡಿಯವಳು, “ಹಾಗೇ ಇದೆ ಕಣವ್ವ, ವಯಸ್ಸೆಷ್ಟು ಅಂತ ಅದನ್ನೇ ಕೇಳ್ಕೊ, ಹೇಳ್ದೆ ಇರಲ್ಲ” ಎಂದಳು. ಅಕ್ಕ ಜೋರಾಗಿ ನಕ್ಕಳು. ಒಂದೊಂದನ್ನೂ ತಿರುಗಿಸಿ ನೋಡಿ ಅರ್ಧ ಕೆಜಿ ಆರಿಸಿಕೊಂಡಳು.

ಗುರುವಾರ ಹನ್ನೊಂದಕ್ಕೆ ಸರಿಯಾಗಿ ಚಂದ್ರಯ್ಯನವರು ಬಂದರು. ಕೈಯಲ್ಲಿ ಹಿತ್ತಾಳೆಯ ಪುಟ್ಟ ಗಂಟೆ, ಜೇಬಿನಲ್ಲಿ ಸೀಮೆಸುಣ್ಣ. ಅಮ್ಮ ಹೋಟೆಲಿನವರ ಹಿಟ್ಟು ತಡವಾಗುತ್ತದೆಂದು ಗ್ರೈಂಡರ್ ನಿಲ್ಲಿಸಿರಲಿಲ್ಲ. ಅವರು ಗಂಟೆ ಆಡಿಸುತ್ತ ಸುತ್ತಲೂ ಬಂದರು. ಎಲ್ಲಿ ಗಂಟೆಯ ಸದ್ದು ನಿಂತಿತೋ ಅಲ್ಲಿ ಸುಣ್ಣದ ಗೆರೆ ಹಾಕಿದರು. ಗೆರೆ ಹಳೆಯ ಅಳತೆಗೇ ಬಂದು ಕೂಡಿಕೊಂಡಿತು.

“ಇನ್ನೂ ಇದೆಯಲ್ಲ ತಾಯಿ.”

“ಇದ್ದಾಗಲೂ ಹಾಗೇ ಅವರು. ಒಂದು ಸಲ ಕೂತ್ರೆ ಎಬ್ಬಿಸೋಕಾಗ್ತಿರ್ಲಿಲ್ಲ” ಎಂದಳು ಅಮ್ಮ.

“ಸತ್ತೋರದು ಹದಿಮೂರು ದಿನ ದಾಟಲ್ಲ. ಇದು ಬದುಕಿರೋರದು.” ಚಂದ್ರಯ್ಯನವರು ಕುರ್ಚಿ ಎಳೆದುಕೊಂಡು ಪುಸ್ತಕ ಬಿಚ್ಚಿದರು, ಅಪ್ಪನ ಹೆಸರಿನ ಮೇಲೆ ಗೆರೆ ಹೊಡೆದರು, ಕನ್ನಡಕ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. ಹೇಳುತ್ತೇನೆ ಎಂದು ಆ ಕ್ಷಣದಲ್ಲಿ ಅಂದುಕೊಂಡಿದ್ದೆ. ಹೇಳುತ್ತಿದ್ದೆನೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

“ಚಂದ್ರಯ್ಯನೋರೇ, ಒಂದು ನಿಮಿಷ” ಎಂದಳು ಅಕ್ಕ. “ಪ್ರಶ್ನೆ ನಂದು. ಅದನ್ನ ವಾಪಸು ತಗೋತೀನಿ.”

ಅವರು ಪೆನ್ನಿನ ಮುಚ್ಚಳ ಹಾಕಿದರು. “ಇಪ್ಪತ್ತಾರು ವರ್ಷದ ಸರ್ವೀಸಲ್ಲಿ ಇದನ್ನ ಮೂರೇ ಸಲ ನೋಡಿರೋದು. ವಾಪಸು ತಗೊಂಡ್ರೆ ಮತ್ತೆ ಆ ಮಾತು ಎತ್ತೋ ಹಾಗಿಲ್ಲ. ಯಾರನ್ನೂ, ಎಲ್ಲೂ. ಕಾನೂನು ಓದಿದೋರಿಗೆ ನಾನು ಹೇಳ್ಬೇಕಾಗಿಲ್ಲ.”

“ಗೊತ್ತು. ಬರ್ಕೊಳ್ಳಿ.”

“ಒಂಬತ್ತು ವರ್ಷ ನಿಮ್ಮಪ್ಪನ ಬಾಯಿಂದಲೇ ಬರ್ಲಿ ಅಂತ ಕೂತೋಳು ನೀನು” ಎಂದು ಅಮ್ಮ ಅವಳ ಮುಖವನ್ನೇ ನೋಡಿದಳು. ಅಕ್ಕ ಸುಣ್ಣದ ಗೆರೆಯ ಹೊರಗೆ ನಿಂತು, “ಈ ಜಾಗದಲ್ಲಿ ನಾನು ಕೇಳಿದ್ದನ್ನ ಹಿಂದಕ್ಕೆ ತಗೊಂಡಿದೀನಿ” ಎಂದಳು, ಅಷ್ಟೇ.

ಗ್ರೈಂಡರ್ ಗರಗರ ಎಂದು ಒಮ್ಮೆಲೇ ಮನೆ ತುಂಬ ಅಬ್ಬರಿಸಿತು. ಅಮ್ಮ ಎರಡೂ ಕಿವಿ ಮುಚ್ಚಿಕೊಂಡು, “ಅಯ್ಯೋ ಶಿವನೇ, ಇದು ಇಷ್ಟು ಕಿರುಚುತ್ತೆ ಅಂತ ನನಗೇನು ಗೊತ್ತು!” ಎಂದು ಸ್ವಿಚ್ಚಿನ ಕಡೆ ಓಡಿದಳು. ಗೌರಮ್ಮ ಬಾಗಿಲಿಗೆ ಬಂದು ಇಣುಕಿದರು. ಆ ಗಲಾಟೆಯ ನಡುವೆಯೇ ಚಂದ್ರಯ್ಯನವರು ಬೇಬಾಕಿ ಪತ್ರ ಬರೆದರು. ಅದರಲ್ಲಿ ಮನೆಯಲ್ಲಿ ವಾಸವಿರುವ ಮೂವರ ಹೆಸರೂ ಇತ್ತು.

ಅಕ್ಕ ಹಿತ್ತಿಲಿನಲ್ಲಿ ಕೈ ತೊಳೆಯುತ್ತಿದ್ದಳು. ನಾನು ಹಿಂದೆ ಹೋಗಿ ನಿಂತೆ. “ಯಾಕಕ್ಕ?” ಎಂದೆ. ಬಾಯಿಂದ ಜಾರಿಬಿಟ್ಟಿತ್ತು.

ಅವಳು ತಕ್ಷಣ ಉತ್ತರ ಕೊಟ್ಟಳು. “ಹೀಗೆಲ್ಲ ಕೇಳ್ಬೇಡ. ನಾನು ಸುಮ್ಮನಿದ್ದುಬಿಟ್ರೆ ಅಮ್ಮನ ಗ್ರೈಂಡರಿಗೆ ಹೊಸ ಜಾಗ ಆಗುತ್ತೆ, ಅದೇನೋ ಸರಿ. ಆದ್ರೆ ಹಿತ್ತಿಲಲ್ಲಿ ಕರೆಂಟಿಲ್ಲ.” ಸೆರಗಿಗೆ ಕೈ ಒರೆಸಿಕೊಂಡಳು. “ಉತ್ತರ ಬೇಕಾಗಿತ್ತು, ಕೇಳಿದ್ದೆ. ಈಗ ಬೇಕಾಗಿಲ್ಲ. ಇಷ್ಟೇ.”

ಶುಕ್ರವಾರ ಅವಳು ಟ್ರಂಕಿನಿಂದ ಹಳೆಯ ಪ್ರಸ್ತಾವ ತೆಗೆದಳು. ಜಿರಳೆಗಳು ಮೂಲೆಗಳನ್ನಷ್ಟೇ ತಿಂದಿದ್ದವು. ಮಧ್ಯಾಹ್ನ ನಾನು ಒಳಗೆ ಬಂದಾಗ ಮೇಡಂ ಕೊಟ್ಟ ಅರ್ಜಿ ನನ್ನ ಮೇಜಿನ ಪಕ್ಕದ ಕಿಟಕಿಯ ಕಟ್ಟೆ ಮೇಲೆ, ಲೋಟದ ಕೆಳಗಿತ್ತು. ಹದಿಮೂರು ಕಾಲಂ ಪೆನ್ಸಿಲಿನಲ್ಲಿ ತುಂಬಿದ್ದವು. ಹದಿನಾಲ್ಕರಲ್ಲಿ ‘ಇಲ್ಲ’ ಎಂದಿತ್ತು. ಅವಳ ಸಹಿ ಮಾತ್ರ ಇರಲಿಲ್ಲ. ಅವಳ ಶೇಕಡಾವಾರು ಎಪ್ಪತ್ತನಾಲ್ಕು. ನಾನು ಅದನ್ನು ಇದ್ದ ಹಾಗೆಯೇ ಲೋಟದ ಕೆಳಗಿಟ್ಟೆ. ಮೇಡಂ ಇಬ್ಬರ ಪ್ರಸ್ತಾವವನ್ನೂ ಓದಿದರೆ ಏನಾಗುತ್ತದೆಂದು ತಿಳಿಯಲು ನನಗೆ ಪರೀಕ್ಷಕರು ಬೇಕಿರಲಿಲ್ಲ. ಸಂಜೆ ಅವಳು ಬಂದು, ಅರ್ಜಿ ನೋಡಿ, ನನ್ನನ್ನು ನೋಡಿ, ಅದನ್ನು ಬ್ಯಾಗಿಗೆ ಹಾಕಿಕೊಂಡಳು. ಊಟಕ್ಕೆ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ನನ್ನ ತಟ್ಟೆಗೆ ಎರಡು ಸಲ ಬಡಿಸಿದಳು.

ಶನಿವಾರ ಮೂರೂವರೆಗೆ ಅರ್ಜಿ ಹಿಡಿದು ಮರದ ಕೆಳಗೆ ಹೋದೆ. ಅಂಕಪಟ್ಟಿಯ ನಕಲಿಗೆ ಮೊಹರು ಬೇಕಿತ್ತು. ಅವಳು ಬ್ಯಾಗು ತೆರೆದಾಗ ಆ ಮಡಚಿದ ಕಾಗದದ ತುದಿ ಕಾಣಿಸಿತು. ಮೊಹರನ್ನು ಎರಡು ಸಲ ಊದಿ, ಒತ್ತಿ, ನಕಲನ್ನು ನನಗೆ ಕೊಟ್ಟಳು.

“ಇನ್ನೂ ಒಂದೂವರೆ ಗಂಟೆ ಇದೆ” ಎಂದಳು.

“ಹೌದು” ಎಂದೆ.

“ಇಬ್ಬರೂ ಹಾಕಿದ್ರೆ ಮೇಡಂಗೆ ಕಷ್ಟ ಆಗುತ್ತೆ.”

ಅದು ಪ್ರಶ್ನೆಯಾಗಿರಲಿಲ್ಲ. ಅವಳು ಟೈಪ್‌ರೈಟರಿನ ಅಕ್ಷರಗಳ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತಿದ್ದಳು, ಒಂದೊಂದಾಗಿ, ಇಡೀ ಸಾಲು. ನಮ್ಮೂರಿನ ಯಾರಾದರೂ ಮಾಡುವುದನ್ನೇ ನಾನೂ ಮಾಡಿದೆ. ನಕ್ಕು ಮುಂದೆ ಹೋದೆ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಗುರುಸಿದ್ದಪ್ಪನವರು ನನ್ನ ಅರ್ಜಿ ತೆಗೆದುಕೊಂಡು ಸಂಖ್ಯೆ ಹಾಕಿದರು. ಐದು ಗಂಟೆಯ ತನಕ ಕಾಲೇಜಿನ ಗೇಟಿನ ಬಳಿ ನಿಂತಿದ್ದೆ. ಅಕ್ಕ ಬರಬಾರದು ಎಂದು ನಿಂತಿದ್ದೆನೋ, ಬರಲಿ ಎಂದೋ, ಬೇರ್ಪಡಿಸಿ ಹೇಳಲಾರೆ. ಜವಾನ ಕಿಟಕಿ ಮುಚ್ಚಿದ. ಅವಳು ಬರಲಿಲ್ಲ.

ಸೀಟು ಸಿಕ್ಕಿತು. ಎರಡು ವರ್ಷ ಹಾಸ್ಟೆಲಿನಲ್ಲಿದ್ದೆ. ಎರಡು ಪತ್ರಿಕೆಗಳಲ್ಲೂ ತೇರ್ಗಡೆಯಾದೆ. ಆರು ತಿಂಗಳೊಳಗೆ ವಿಷಯ ಬದಲಿಸಬಹುದು ಎಂಬ ನಿಯಮ ಹಿಡಿದುಕೊಂಡು ಹಿಂಪಡೆದ ಪ್ರಶ್ನೆಗಳ ಬಗ್ಗೆ ಬರೆದೆ. ಮೋಜಣಿ ಕಚೇರಿಯ ಹಳೆಯ ಪುಸ್ತಕಗಳಲ್ಲಿ ಅಂಥವು ನಲವತ್ತೊಂದು ಸಿಕ್ಕವು. ಕೈಬರಹದ ನಲವತ್ತು ಸಾವಿರ ಪದಗಳನ್ನು ಟೈಪ್ ಮಾಡಿಕೊಟ್ಟವಳು ಅಕ್ಕ. ಅಲ್ಲಲ್ಲಿ ನನ್ನ ತರ್ಕವನ್ನೂ ಪೆನ್ಸಿಲಿನಲ್ಲಿ ತಿದ್ದಿದ್ದಳು, ತಿದ್ದಿದ್ದೆಲ್ಲ ಸರಿಯಾಗಿತ್ತು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಒಂದು ಪ್ರಶ್ನೆ ಕೇಳಿದರು: “ಹಿಂಪಡೆದ ಪ್ರಶ್ನೆಗೆ ಆಮೇಲೆ ಯಾರಾದರೂ ತಾವಾಗಿಯೇ ಉತ್ತರ ಕೊಟ್ಟದ್ದುಂಟೇ?” ನಾನು ನೋಡಿದ ನಲವತ್ತೊಂದರಲ್ಲಿ ಒಂದೂ ಇಲ್ಲ ಎಂದು ಹೇಳಿದೆ. ಅವರು ತಲೆಯಾಡಿಸಿ ಪದವಿಗೆ ಶಿಫಾರಸು ಮಾಡಿದರು.

ಈಗ ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೇನೆ. ಸಂಜೆ ಕೆಲವೊಮ್ಮೆ ಅಕ್ಕನ ಜೊತೆ ನಡೆದು ಮನೆಗೆ ಬರುತ್ತೇನೆ. ಅವಳು ಆ ದಿನ ಬಂದವರ ಪ್ರಮಾಣಪತ್ರಗಳ ಕಥೆ ಹೇಳಿ ನಗಿಸುತ್ತಾಳೆ. ಕಾಗದ ತೆಗೆದುಕೊಂಡವನು ನಾನೆಂದು ಅವಳಿಗೆ ಹೇಳುವ ಅಗತ್ಯ ಈಗ ಇಲ್ಲ, ಅದನ್ನು ಅವಳು ಓದಿದ್ದಾಳೆ. ಶುಕ್ರವಾರ ಮಧ್ಯಾಹ್ನದಿಂದ ಶನಿವಾರ ಸಂಜೆ ಐದರ ತನಕ ನನಗೆ ಸಮಯವಿತ್ತು. ಸೀಟು ನಿನ್ನದು ಅಕ್ಕ, ಅರ್ಜಿ ನೀನು ಹಾಕು ಎಂದು ನಾನು ಹೇಳಲಿಲ್ಲ.